ಟೇಬಲ್ ಪಟ್ಟಿ ಬರೋಕೆ ಅರ್ಧ ನಿಮಿಷ: ದಾರಿಯೋ, ಲಾಕೋ, ಕ್ಯಾಟಲಾಗೋ?

ಕ್ವೆರಿ ಕೊಟ್ಟರೆ ಸರಸರ ಉತ್ತರ ಬರುತ್ತದೆ. ಟೇಬಲ್‌ಗಳ ಪಟ್ಟಿ ಕೇಳಿದರೆ ಮಾತ್ರ ಪರದೆ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಅಡಿಕೆ ಮಂಡಿ, ಸಹಕಾರ ಸಂಘ, ನರ್ಸಿಂಗ್ ಹೋಂ, ಕಾಲೇಜು ಹೀಗೆ ನಮ್ಮ ಕಡೆ ಡೇಟಾಬೇಸ್ ನೋಡಿಕೊಳ್ಳುವವರ ಬಾಯಲ್ಲಿ ಪದೇ ಪದೇ ಬರುವ ದೂರು ಇದು. ಇದಕ್ಕೆ ಸಿಗುವ ಸಿದ್ಧ ಉತ್ತರ ‘ಸರ್ವರ್‌ಗೆ ರ್‍ಯಾಮ್ ಹಾಕಿಸಿ’. ರ್‍ಯಾಮ್ ಹಾಕಿ ಈ ತೊಂದರೆ ಹೋಗುವುದು ತೀರಾ ಅಪರೂಪ, ಯಾಕೆಂದರೆ ನಿಧಾನ ಹುಟ್ಟುವ ಜಾಗವೇ ಬೇರೆ.

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನೂ ಟೇಬಲ್ ಹೆಸರುಗಳನ್ನೂ ಇಲ್ಲಿ ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ಹೆಚ್ಚಿನ ಉದಾಹರಣೆ ಪೋಸ್ಟ್‌ಗ್ರೆಸ್‌ನದು, ಅಲ್ಲಲ್ಲಿ ಮೈಎಸ್‌ಕ್ಯೂಎಲ್. ಒರಾಕಲ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಬಗ್ಗೆ ನಡುವೆ ಸ್ವಲ್ಪ ಇದೆ.

ಇವತ್ತು ರಾಶಿ ಅಡಿಕೆ ಎಷ್ಟು ಕ್ವಿಂಟಲ್ ಬಂತು, ಬೆಟ್ಟೆಗೆ ಏನು ಧಾರಣೆ ಆಯಿತು ಎಂದು ಕೇಳುವುದು ಡೇಟಾ. ಆ ಲೆಕ್ಕ ಯಾವ ಟೇಬಲ್‌ನಲ್ಲಿದೆ, ಅದಕ್ಕೆ ಯಾವ ಕಾಲಂ, ಯಾವ ಇಂಡೆಕ್ಸ್, ಯಾವುದಕ್ಕೆ ಫಾರಿನ್ ಕೀ ಎಂದು ಕೇಳುವುದು ಮೆಟಾಡೇಟಾ. ಪೋಸ್ಟ್‌ಗ್ರೆಸ್‌ನ ಕಮಾಂಡ್ ಕ್ಲೈಂಟ್ ಪಿಎಸ್‌ಕ್ಯೂಎಲ್‌ನ \ಡಿ, \ಡಿಟಿ, ಮೈಎಸ್‌ಕ್ಯೂಎಲ್‌ನ ಶೋ ಟೇಬಲ್ಸ್, ಮೌಸ್‌ನಲ್ಲಿ ಬಳಸುವ ಕ್ಲೈಂಟ್ ಡಿಬೀವರ್‌ನ ಎಡಗಡೆಯ ಮರದಲ್ಲಿ ಬಾಣದ ಗುರುತು ಒತ್ತುವುದು, ಟ್ಯಾಬ್ ಒತ್ತಿದಾಗ ಹೆಸರು ಪೂರ್ತಿಯಾಗುವುದು ಇವೆಲ್ಲ ಆ ಜಾತಿಗೆ ಸೇರಿದವು. ನಾವು ಒಂದು ಕಮಾಂಡ್ ಕೊಟ್ಟೆವು ಅಂದುಕೊಳ್ಳುತ್ತೇವೆ. ಅದರ ಬೆನ್ನಿಗೆ ಕ್ಲೈಂಟ್ ನಮಗೆ ಕಾಣದ ಹತ್ತಾರು ಕ್ವೆರಿ ಕಳಿಸಿರುತ್ತದೆ. ಪತ್ತೆ ಕೆಲಸ ಆ ಕಾಣದ ಕ್ವೆರಿಗಳಿಂದ ಶುರುವಾಗಬೇಕು.

ಅಳೆಯುವುದು ಮೊದಲು

ನಿಧಾನ ಮೂರು ಜಾಗದಲ್ಲಿ ಇರಬಹುದು: ನಿಮ್ಮ ಲ್ಯಾಪ್‌ಟಾಪ್‌ನಿಂದ ಸರ್ವರ್‌ವರೆಗಿನ ದಾರಿಯಲ್ಲಿ, ಬೇರೆ ಯಾರೋ ಹಿಡಿದ ಲಾಕ್‌ನಲ್ಲಿ (ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ತಡೆಯುವ ಬೀಗ), ಅಥವಾ ಮೆಟಾಡೇಟಾ ಇಟ್ಟಿರುವ ಸಿಸ್ಟಮ್ ಕ್ಯಾಟಲಾಗ್ ಟೇಬಲ್‌ಗಳಲ್ಲೇ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಏನೂ ಆಗುವುದಿಲ್ಲ, ಕೆಲವೊಮ್ಮೆ ಹೆಚ್ಚು ಕೆಡುತ್ತದೆ. ಹಗಲು ಹೊತ್ತಿನಲ್ಲಿ ವ್ಯಾಕ್ಯೂಮ್ ಫುಲ್ (ಟೇಬಲ್‌ಗೆ ಬೀಗ ಹಾಕಿ ಅದನ್ನು ಹೊಸದಾಗಿ ಬರೆಯುವ ಕಮಾಂಡ್) ಕೊಟ್ಟು ಇಡೀ ಮಂಡಿಯ ಬಿಲ್ಲಿಂಗ್ ನಿಲ್ಲಿಸುವುದು ಇಂಥ ತಪ್ಪೇ.

ಪಿಎಸ್‌ಕ್ಯೂಎಲ್ ತೆರೆದು \ಟೈಮಿಂಗ್ ಆನ್ ಕೊಡಿ. ಸೆಲೆಕ್ಟ್ 1 ಓಡಿಸಿ, ಐದಾರು ಸಲ. ಸರ್ವರ್‌ಗೆ ಇದರಲ್ಲಿ ಮಾಡಲು ಕೆಲಸವೇ ಇಲ್ಲ, ಹಾಗಾಗಿ ಬರುವ ಮಿಲಿಸೆಕೆಂಡ್ ಬಹುತೇಕ ಒಮ್ಮೆ ಹೋಗಿ ಬರುವ ಸಮಯ. ಪಿಂಗ್‌ಗಿಂತ ಇದು ಒಳ್ಳೆಯದು. ಎಷ್ಟೋ ಕ್ಲೌಡ್ ಸರ್ವರ್‌ಗಳು ಪಿಂಗ್‌ಗೆ ಉತ್ತರ ಕೊಡುವುದೇ ಇಲ್ಲ, ಮೇಲಾಗಿ ನಮಗೆ ಬೇಕಾದದ್ದು ಡೇಟಾಬೇಸ್ ಪೋರ್ಟ್‌ನ ದಾರಿ. ಐದಾರು ಅಂಕಿಯಲ್ಲಿ ಸರಾಸರಿಗಿಂತ ಏರಿಳಿತ ನೋಡಿ. 40, 42, 41, 380, 43 ಅಂತ ಬಂದರೆ ನಡುವೆ ಪ್ಯಾಕೆಟ್ ಬಿದ್ದುಹೋಗುತ್ತಿವೆ ಎಂದು ಅನುಮಾನಿಸಬಹುದು.

ಮುಂದಿನದು ಕಾಣದ ಕ್ವೆರಿಯನ್ನು ಹೊರಗೆಳೆಯುವುದು. ಪಿಎಸ್‌ಕ್ಯೂಎಲ್ ಅನ್ನು ದೊಡ್ಡಕ್ಷರದ ‘-ಇ’ ಸೇರಿಸಿ ಶುರುಮಾಡಿ, ಅಥವಾ ಒಳಗಿನಿಂದಲೇ \ಸೆಟ್ ಎಕೋ_ಹಿಡನ್ ಆನ್ ಕೊಡಿ. ಈಗ \ಡಿಟಿ+ ಕೊಟ್ಟರೆ ಅದರ ಹಿಂದಿನ ನಿಜವಾದ ಕ್ವೆರಿ ಪರದೆಗೆ ಬರುತ್ತದೆ. ಆನ್ ಬದಲು ನೋಎಕ್ಸೆಕ್ ಎಂದು ಕೊಟ್ಟರೆ ಕ್ವೆರಿ ತೋರಿಸಿ ಸುಮ್ಮನಾಗುತ್ತದೆ, ಓಡಿಸುವುದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ: \ಟೈಮಿಂಗ್ ಆನ್ ಇದ್ದರೂ \ಡಿ ಬಳಗದ ಕಮಾಂಡ್‌ಗಳಿಗೆ ಸಮಯ ಅಚ್ಚಾಗುವುದಿಲ್ಲ. ಅದು ನಾವೇ ಕೊಟ್ಟ ಎಸ್‌ಕ್ಯೂಎಲ್‌ಗೆ ಮಾತ್ರ. ಆದ್ದರಿಂದ ಕಂಡ ಕ್ವೆರಿಯನ್ನು ಕಾಪಿ ಮಾಡಿ ಕೈಯಾರೆ ಓಡಿಸಬೇಕು. ಒಮ್ಮೆ ಹಾಗೇ, ಇನ್ನೊಮ್ಮೆ ಮುಂದೆ ಎಕ್ಸ್‌ಪ್ಲೇನ್, ಬ್ರಾಕೆಟ್‌ನಲ್ಲಿ ಅನಲೈಸ್ ಮತ್ತು ಬಫರ್ಸ್ ಹಾಕಿ.

ಉತ್ತರ ಇಲ್ಲೇ ಸಿಗುತ್ತದೆ. ಎಕ್ಸ್‌ಪ್ಲೇನ್‌ನ ಕೊನೆಯ ಸಾಲಿನಲ್ಲಿ ಎಕ್ಸಿಕ್ಯೂಷನ್ ಟೈಮ್ 15 ಮಿಲಿಸೆಕೆಂಡ್, ಆದರೆ ನಿಮ್ಮ ಕಡೆ ಸೆಕೆಂಡ್‌ಗಟ್ಟಲೆ ಆಗುತ್ತಿದೆ ಅಂದರೆ ದೋಷ ದಾರಿಯದು. ಎಕ್ಸಿಕ್ಯೂಷನ್ ಟೈಮ್‌ ಕೂಡ ಸೆಕೆಂಡ್‌ಗಟ್ಟಲೆ ಇದ್ದು, ಪಿಜಿ_ಕ್ಲಾಸ್ ಅಥವಾ ಪಿಜಿ_ಆಟ್ರಿಬ್ಯೂಟ್ ಎಂಬ ಕ್ಯಾಟಲಾಗ್ ಟೇಬಲ್ ಮೇಲೆ ಸಾವಿರಾರು ಬಫರ್ (ಡೇಟಾದ ಪುಟ) ಓದಿದ ಲೆಕ್ಕ ಕಂಡರೆ ಕ್ಯಾಟಲಾಗ್ ಊದಿದೆ, ಅಂದರೆ ವಿಪರೀತ ದೊಡ್ಡದಾಗಿದೆ. ಎಕ್ಸ್‌ಪ್ಲೇನ್ ಅನಲೈಸ್ ಕೂಡ ವಾಪಸ್ ಬರದೆ ಕೂತರೆ ಬಹುಮಟ್ಟಿಗೆ ಲಾಕ್.

ದಾರಿ ನಿಧಾನ ಇದ್ದರೆ

ಸರ್ವರ್ ಮುಂಬೈನ ಕ್ಲೌಡ್‌ನಲ್ಲಿದೆ, ನೀವು ಹೊಸನಗರದಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದೀರಿ, ಒಮ್ಮೆ ಹೋಗಿ ಬರಲು 80 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಕ್ವೆರಿಗೆ ಅದು ಗೊತ್ತೇ ಆಗುವುದಿಲ್ಲ. ಮೈಎಸ್‌ಕ್ಯೂಎಲ್ ಕ್ಲೈಂಟ್‌ನಲ್ಲಿ ಯೂಸ್ ಕೊಟ್ಟು ಡೇಟಾಬೇಸ್ ಬದಲಿಸಿದ ಕೂಡಲೇ ‘ರೀಡಿಂಗ್ ಟೇಬಲ್ ಇನ್ಫರ್ಮೇಷನ್’ ಎಂಬ ಸಾಲು ಬಂದು ನಿಲ್ಲುತ್ತದಲ್ಲ, ಅಲ್ಲಿ ಅದು ಗೊತ್ತಾಗುತ್ತದೆ. 5.7 ಮತ್ತು 8.0 ಕ್ಲೈಂಟ್‌ಗಳು ಟ್ಯಾಬ್ ಒತ್ತಿದಾಗ ಹೆಸರು ಪೂರ್ತಿ ಮಾಡಲೆಂದು ಮೊದಲು ಟೇಬಲ್ ಪಟ್ಟಿ ತರಿಸಿ, ಆಮೇಲೆ ಒಂದೊಂದು ಟೇಬಲ್‌ಗೂ ಬೇರೆ ಬೇರೆಯಾಗಿ ಕಾಲಂ ಪಟ್ಟಿ ಕೇಳುತ್ತವೆ. 600 ಟೇಬಲ್ ಇದ್ದರೆ 600 ಸಲ ಹೋಗಿ ಬರಬೇಕು. 600 × 80 ಮಿಲಿಸೆಕೆಂಡ್ ಅಂದರೆ 48 ಸೆಕೆಂಡ್. ಅದೇ ಕೆಲಸ ಸರ್ವರ್ ಪಕ್ಕದಲ್ಲೇ ಕೂತು, ಅರ್ಧ ಮಿಲಿಸೆಕೆಂಡ್ ದಾರಿಯಲ್ಲಿ ಮಾಡಿದರೆ ದಾರಿಗೆ ಹೋಗುವ ಸಮಯ 0.3 ಸೆಕೆಂಡ್. ಸರ್ವರ್ ಎರಡೂ ಕಡೆ ಒಂದೇ.

ಮದ್ದು ಒಂದೇ ಅಕ್ಷರದ್ದು. ಕ್ಲೈಂಟ್ ಶುರುಮಾಡುವಾಗ ದೊಡ್ಡಕ್ಷರದ ‘-ಎ’ ಸೇರಿಸಿ. ಕಾಯಂ ಆಗಬೇಕಿದ್ದರೆ ನಿಮ್ಮ ಮೈ.ಸಿಎನ್ಎಫ್ ಫೈಲ್‌ನಲ್ಲಿ ಮೈಎಸ್‌ಕ್ಯೂಎಲ್ ಎಂಬ ವಿಭಾಗದ ಕೆಳಗೆ ನೋ-ಆಟೋ-ರಿಹ್ಯಾಶ್ ಎಂದು ಒಂದು ಸಾಲು. ಮೈಎಸ್‌ಕ್ಯೂಎಲ್‌ಡಿ ವಿಭಾಗದ ಕೆಳಗೆ ಹಾಕಬೇಡಿ, ಅದು ಸರ್ವರ್‌ನದು, ಗುರುತು ಸಿಗದ ಆಯ್ಕೆ ಕಂಡರೆ ಸರ್ವರ್ ಏಳುವುದೇ ಇಲ್ಲ. ಹೆಸರು ಪೂರ್ತಿಯಾಗುವ ಅನುಕೂಲ ಬೇಕೆನಿಸಿದ ದಿನ ಒಳಗಿನಿಂದ ರಿಹ್ಯಾಶ್ ಎಂದು ಕೊಟ್ಟರಾಯಿತು.

ಪಿಎಸ್‌ಕ್ಯೂಎಲ್ ಇಷ್ಟು ದುಂದು ಮಾಡುವುದಿಲ್ಲ. ಆದರೆ ಒಂದು ಟೇಬಲ್ ಹೆಸರು ಕೊಟ್ಟು \ಡಿ ಅಂದರೂ ಅದು ಒಂದೇ ಕ್ವೆರಿ ಅಲ್ಲ. ಮೊದಲು ಟೇಬಲ್‌ನ ಓಐಡಿ, ನಂತರ ಅದರ ಗುಣ, ಕಾಲಂಗಳು, ಇಂಡೆಕ್ಸ್, ಚೆಕ್, ಫಾರಿನ್ ಕೀ, ಇದನ್ನು ತೋರಿಸುವ ಬೇರೆ ಟೇಬಲ್‌ಗಳು, ಪಾಲಿಸಿ, ಪಬ್ಲಿಕೇಷನ್, ತಂದೆ ಟೇಬಲ್, ಮಕ್ಕಳ ಟೇಬಲ್ ಎಂದು ಹತ್ತರ ಆಸುಪಾಸು ಸುತ್ತು ಆಗುತ್ತದೆ. 80 ಮಿಲಿಸೆಕೆಂಡ್ ದಾರಿಯಲ್ಲಿ ಮುಕ್ಕಾಲು ಸೆಕೆಂಡ್ ಮೇಲೆ. ಅದು ಸಹಜ, ಅದಕ್ಕೆ ಸರ್ವರ್ ಬಿಚ್ಚಿ ನೋಡುವುದು ಬೇಡ. ಟ್ಯಾಬ್ ಒತ್ತಿದಾಗ ಸಿಕ್ಕಿಹಾಕಿಕೊಂಡರೆ, ಅಥವಾ ಟ್ಯಾಬ್ ಇರುವ ಎಸ್‌ಕ್ಯೂಎಲ್ ಪೇಸ್ಟ್ ಮಾಡುವಾಗ ತಡವರಿಸಿದರೆ, ‘-ಎನ್’ ಸೇರಿಸಿ ಶುರುಮಾಡಿ. ಆಗ ರೀಡ್‌ಲೈನ್ ಇರುವುದಿಲ್ಲ, ಹಳೆಯ ಕಮಾಂಡ್ ಮೇಲಿನ ಬಾಣದಲ್ಲಿ ಸಿಗುವುದಿಲ್ಲ, ಅಷ್ಟು ನಷ್ಟ.

ದಾರಿ ಕೆಟ್ಟಿದ್ದಾಗ ನನ್ನ ಆಯ್ಕೆ ಯಾವಾಗಲೂ ಒಂದೇ: ಕ್ಲೈಂಟನ್ನೇ ಸರ್ವರ್ ಹತ್ತಿರಕ್ಕೆ ಒಯ್ಯುವುದು. ಎಸ್‌ಎಸ್‌ಎಚ್ ಮಾಡಿ ಡೇಟಾಬೇಸ್ ಯಂತ್ರದಲ್ಲೋ, ಅದೇ ನೆಟ್‌ವರ್ಕ್‌ನ ಇನ್ನೊಂದು ಸಣ್ಣ ಯಂತ್ರದಲ್ಲೋ ಪಿಎಸ್‌ಕ್ಯೂಎಲ್ ತೆರೆಯಿರಿ. ಆಗ ಆ ಹತ್ತು ಸುತ್ತು ಅಲ್ಲಲ್ಲೇ ಮುಗಿಯುತ್ತದೆ. ಘಟ್ಟದ ಮೇಲಿಂದ ಕೆಳಗೆ ಹೋಗುವುದು ನೀವು ಒತ್ತಿದ ಅಕ್ಷರ ಮತ್ತು ಪರದೆಯ ಬರಹ ಮಾತ್ರ. ಟಿಮಕ್ಸ್ ಒಳಗೆ ತೆರೆದರೆ ನಡುವೆ ಲೈನ್ ಹೋದರೂ ಸೆಷನ್ ಅಲ್ಲೇ ಇರುತ್ತದೆ, ಲೈನ್ ಬಂದಮೇಲೆ ಮತ್ತೆ ಅದಕ್ಕೇ ಸೇರಿಕೊಳ್ಳಬಹುದು. ಡಿಬೀವರ್‌ನ ಎಸ್‌ಎಸ್‌ಎಚ್ ಟನೆಲ್‌ನಿಂದ ಈ ಲಾಭ ಸಿಗುವುದಿಲ್ಲ. ಅಲ್ಲಿ ಕ್ಲೈಂಟ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುವುದರಿಂದ ಸುತ್ತುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ.

ಡಿಬೀವರ್ ಬಿಡಲು ಆಗದವರು ಅದು ಕೇಳುವುದನ್ನು ಕಡಿಮೆ ಮಾಡಬೇಕು. ತಾಲ್ಲೂಕಿಗೊಂದು ಸ್ಕೀಮಾ ಮಾಡಿದ್ದರೆ, ಅಂದರೆ ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ, ಶಿಕಾರಿಪುರ ಎಂದು ಏಳು ಇದ್ದು ನಿಮಗೆ ಬೇಕಾದದ್ದು ಸಾಗರ ಒಂದೇ ಆಗಿದ್ದರೆ, ಸ್ಕೀಮಾ ಮೇಲೆ ರೈಟ್ ಕ್ಲಿಕ್ ಮಾಡಿ ಫಿಲ್ಟರ್ ಹಾಕಿ. ಪೋಸ್ಟ್‌ಗ್ರೆಸ್ ಕನೆಕ್ಷನ್‌ನಲ್ಲಿ ‘ಶೋ ಆಲ್ ಡೇಟಾಬೇಸಸ್’ ಟಿಕ್ ತೆಗೆಯಿರಿ. ಮರದಲ್ಲಿ ಟೇಬಲ್ ಪಕ್ಕ ಗಾತ್ರ ತೋರಿಸುವುದು ಆನ್ ಇದ್ದರೆ ಆಫ್ ಮಾಡಿ, ಅದಕ್ಕೆ ಕಾರಣ ಲಾಕ್ ವಿಷಯದಲ್ಲಿ ಬರುತ್ತದೆ. ಡಿಬೀವರ್ ಮೆಟಾಡೇಟಾ ಓದಲೆಂದು ಒಂದು, ಎಡಿಟರ್‌ಗೆಂದು ಇನ್ನೊಂದು ಹೀಗೆ ಬೇರೆ ಬೇರೆ ಕನೆಕ್ಷನ್ ತೆರೆಯಬಹುದು ಎಂಬುದೂ ನೆನಪಿರಲಿ. ಟಿಎಲ್‌ಎಸ್ ಮತ್ತು ಪಾಸ್‌ವರ್ಡ್ ಪರೀಕ್ಷೆ ಸೇರಿ ಒಂದು ಕನೆಕ್ಷನ್‌ಗೆ ಐದಾರು ಸುತ್ತು ಬೇಕು. ಕನೆಕ್ಟ್ ಆಗುವುದೇ ನಿಧಾನ ಇದ್ದರೆ ಅದು ನಮಗೆ ‘ಮರ ತೆರೆಯುತ್ತಿಲ್ಲ’ ಎಂಬ ರೂಪದಲ್ಲಿ ಕಾಣುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಹೀಗಾದರೆ ಸರ್ವರ್‌ನ ಸ್ಕಿಪ್_ನೇಮ್_ರಿಸಾಲ್ವ್ ನೋಡಿ. ಅದು ಆಫ್ ಇದ್ದು ಡಿಎನ್‌ಎಸ್ ಕೆಟ್ಟಿದ್ದರೆ ನಿಮ್ಮ ಐಪಿಗೆ ಹೆಸರು ಹುಡುಕುತ್ತಲೇ ಹಲವು ಸೆಕೆಂಡ್ ಕಳೆಯುತ್ತದೆ. ಆನ್ ಮಾಡುವ ಮೊದಲು ಯೂಸರ್‌ಗಳಿಗೆ ಅನುಮತಿ ಕೊಟ್ಟಿರುವುದು ಹೋಸ್ಟ್ ಹೆಸರಿನ ಮೇಲೋ ಐಪಿ ಮೇಲೋ ನೋಡಿಕೊಳ್ಳಿ, ಹೆಸರಿನ ಮೇಲಿದ್ದರೆ ಅವರು ಒಳಗೆ ಬರಲಾರರು.

ಮಳೆಗಾಲದ ಲಾಕ್

ಮಲೆನಾಡಿನಲ್ಲಿ ಹೆಚ್ಚು ಜನ ತಪ್ಪು ತಿಳಿಯುವುದು ಇದನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗಿ ಟವರ್ ಮಲಗುತ್ತದೆ. ‘ಮಳೆ ಬಂದರೆ ಡೇಟಾಬೇಸ್ ನಿಧಾನ’ ಎಂಬ ಮಾತಿಗೆ ನೆಟ್ ನಿಧಾನವೇ ಕಾರಣ ಎಂದು ಎಲ್ಲರೂ ಬಗೆಯುತ್ತಾರೆ. ಅರ್ಧ ಮಾತ್ರ ನಿಜ. ಲೈನ್ ಹೋದ ಕ್ಷಣ ಆ ಕಡೆ ಏನು ಉಳಿಯಿತು ಎಂಬುದು ಇನ್ನರ್ಧ.

ತೀರ್ಥಹಳ್ಳಿಯ ಒಂದು ಯಂತ್ರದಿಂದ ಯಾರೋ ಬಿಗಿನ್ ಕೊಟ್ಟು (ಟ್ರಾನ್ಸಾಕ್ಷನ್ ಶುರುಮಾಡಿ), ಆವಕ ಎಂಬ ಟೇಬಲ್ ಮೇಲೆ ಸೆಲೆಕ್ಟ್ ಓಡಿಸಿ, ಕಮಿಟ್ ಕೊಡುವ ಮೊದಲೇ ಲೈನ್ ಹೋಯಿತು ಎನ್ನಿ. ಲ್ಯಾಪ್‌ಟಾಪ್‌ಗೆ ಕನೆಕ್ಷನ್ ಸತ್ತದ್ದು ಗೊತ್ತು. ಸರ್ವರ್‌ಗೆ ಗೊತ್ತಿಲ್ಲ, ವಿದಾಯ ಹೇಳುವ ಪ್ಯಾಕೆಟ್ ಅದಕ್ಕೆ ತಲುಪೇ ಇಲ್ಲ. ಲಿನಕ್ಸ್‌ನ ಡೀಫಾಲ್ಟ್ ಟಿಸಿಪಿ ಕೀಪ್‌ಅಲೈವ್ 7200 ಸೆಕೆಂಡ್ ಸುಮ್ಮನಿದ್ದು, ಆಮೇಲೆ 75 ಸೆಕೆಂಡ್‌ಗೊಮ್ಮೆ 9 ಸಲ ಕೇಳಿ ನೋಡಿ, ಉತ್ತರ ಬರದಿದ್ದರೆ ಕೈಬಿಡುತ್ತದೆ. ಒಟ್ಟು 2 ಗಂಟೆ 11 ನಿಮಿಷ. ಅಷ್ಟು ಹೊತ್ತು ಆ ಸೆಷನ್ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಆಗಿ, ಆವಕ ಟೇಬಲ್ ಮೇಲೆ ಆಕ್ಸೆಸ್ ಶೇರ್ ಲಾಕ್ ಹಿಡಿದು ಕೂತಿರುತ್ತದೆ.

ಅಷ್ಟರಿಂದಲೇ ಯಾರಿಗೂ ತೊಂದರೆ ಇಲ್ಲ, ಓದುವವರು ಓದಬಹುದು, ಬರೆಯುವವರು ಬರೆಯಬಹುದು. ಈಗ ಶಿವಮೊಗ್ಗದಲ್ಲಿ ಇನ್ನೊಬ್ಬರು ಅದೇ ಟೇಬಲ್‌ಗೆ ಕಾಲಂ ಸೇರಿಸಲು ಆಲ್ಟರ್ ಟೇಬಲ್ ಕೊಡುತ್ತಾರೆ. ಅದಕ್ಕೆ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ಬೇಕು, ಸತ್ತ ಸೆಷನ್ ಬಿಡುವವರೆಗೆ ಸಿಗದು. ಆಲ್ಟರ್ ಸಾಲಿನಲ್ಲಿ ನಿಲ್ಲುತ್ತದೆ. ಅದರ ಹಿಂದೆ ಬಂದವರೆಲ್ಲ, ಬರೀ ಸೆಲೆಕ್ಟ್ ಕೊಟ್ಟವರೂ ಸಹ, ಆಲ್ಟರ್‌ನ ಹಿಂದೆ ಸಾಲು ನಿಲ್ಲಬೇಕು. ಬಸ್ ಬಾಗಿಲಲ್ಲಿ ಒಬ್ಬರು ಮೂಟೆ ಇಟ್ಟುಕೊಂಡು ನಿಂತರೆ ಖಾಲಿ ಕೈಯವರೂ ಹತ್ತಲಾಗುವುದಿಲ್ಲವಲ್ಲ, ಹಾಗೆ.

ಇದಕ್ಕೂ ಮೆಟಾಡೇಟಾಕ್ಕೂ ನಂಟು ಪ್ಲಸ್ ಗುರುತಿನಲ್ಲಿದೆ. \ಡಿಟಿ ಕೊಟ್ಟರೆ ಪಿಎಸ್‌ಕ್ಯೂಎಲ್ ಕ್ಯಾಟಲಾಗ್ ಮಾತ್ರ ಓದುತ್ತದೆ, ಆವಕ ಟೇಬಲ್ ಮುಟ್ಟುವುದಿಲ್ಲ, ಹಾಗಾಗಿ ಪಟ್ಟಿ ತಕ್ಷಣ ಬರುತ್ತದೆ. \ಡಿಟಿ+ ಕೊಟ್ಟರೆ ಪ್ರತಿ ಟೇಬಲ್‌ನ ಗಾತ್ರಕ್ಕೆ ಪಿಜಿ_ಟೇಬಲ್_ಸೈಜ್ ಎಂಬ ಫಂಕ್ಷನ್ ಕರೆಯುತ್ತದೆ. ಅದು ಟೇಬಲ್ ತೆರೆಯಲು ಆಕ್ಸೆಸ್ ಶೇರ್ ಲಾಕ್ ಕೇಳುತ್ತದೆ, ಕೇಳಿದ್ದೇ ಆ ಸಾಲಿಗೆ ಸೇರುತ್ತದೆ. ಒಂದು ಟೇಬಲ್ ಸಿಕ್ಕಿಬಿದ್ದರೆ ಇಡೀ ಪಟ್ಟಿ ನಿಂತಂತೆ. ಡಿಬೀವರ್ ಮರದಲ್ಲಿ ಗಾತ್ರ ತೋರಿಸುವುದನ್ನು ಆಫ್ ಮಾಡಿ ಎಂದದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಗಾತ್ರ ಲೆಕ್ಕ ಹಾಕಲು ಡಿಸ್ಕ್‌ನಲ್ಲಿ ಪ್ರತಿ ಫೈಲನ್ನೂ ಕೇಳಬೇಕು. \ಎಲ್+ ಅಂತೂ ಪ್ರತಿ ಡೇಟಾಬೇಸ್‌ನ ಡೈರೆಕ್ಟರಿಯನ್ನೇ ಪೂರ್ತಿ ಸುತ್ತಿ ಬರುತ್ತದೆ.

ಹಾಗಾಗಿ ಅತಿ ಅಗ್ಗದ ಪರೀಕ್ಷೆ ಇದು: \ಡಿಟಿ ಕೊಡಿ, \ಡಿಟಿ+ ಕೊಡಿ. ಮೊದಲನೆಯದು ಕೂಡಲೇ ಬಂದು ಎರಡನೆಯದು ನಿಂತರೆ ಲಾಕ್ ಹುಡುಕಿ. ಇನ್ನೊಂದು ಸೆಷನ್‌ನಿಂದ ಪಿಜಿ_ಸ್ಟಾಟ್_ಆಕ್ಟಿವಿಟಿ ನೋಡಿ. ಪಿಐಡಿ, ಸ್ಟೇಟ್, ವೇಟ್_ಇವೆಂಟ್_ಟೈಪ್, ಎಕ್ಸ್‌ಆ್ಯಕ್ಟ್_ಸ್ಟಾರ್ಟ್, ಕ್ವೆರಿ, ಜೊತೆಗೆ ಪಿಜಿ_ಬ್ಲಾಕಿಂಗ್_ಪಿಐಡಿಎಸ್ ಫಂಕ್ಷನ್‌ಗೆ ಪಿಐಡಿ ಕೊಟ್ಟು ಬರುವ ಉತ್ತರ. ಈ ಫಂಕ್ಷನ್ 9.6ರಿಂದ ಇದೆ. ನಿಮ್ಮ \ಡಿಟಿ+ ಸೆಷನ್‌ನ ವೇಟ್_ಇವೆಂಟ್_ಟೈಪ್‌ನಲ್ಲಿ ಲಾಕ್ ಎಂದಿದ್ದು, ಅದನ್ನು ತಡೆದದ್ದು ಆಲ್ಟರ್‌ನ ಪಿಐಡಿ, ಆಲ್ಟರನ್ನು ತಡೆದದ್ದು ಐಡಲ್ ಇನ್ ಟ್ರಾನ್ಸಾಕ್ಷನ್ ಪಿಐಡಿ ಎಂದು ಸರಪಳಿ ಸಿಗುತ್ತದೆ. ಕೊನೆಯ ಕೊಂಡಿ ಹುಡುಕಬೇಕು, ನಡುವಿನ ಆಲ್ಟರ್ ಕೊಂದರೆ ಸಾಲು ಸದ್ಯಕ್ಕೆ ಕರಗುತ್ತದೆ, ಮತ್ತೆ ಆಲ್ಟರ್ ಕೊಟ್ಟಾಗ ಅದೇ ಕಥೆ.

ಸತ್ತ ಸೆಷನ್‌ಗೆ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಕೆಲಸಕ್ಕೆ ಬಾರದು, ಅದು ಓಡುತ್ತಿರುವ ಕ್ವೆರಿಯನ್ನು ನಿಲ್ಲಿಸುತ್ತದೆ, ಇಲ್ಲಿ ಓಡುತ್ತಿರುವ ಕ್ವೆರಿಯೇ ಇಲ್ಲ. ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಬೇಕು. ಕೊಲ್ಲುವ ಮೊದಲು ಅಪ್ಲಿಕೇಷನ್_ನೇಮ್ ಕಾಲಂ ಓದಿ. ಅಲ್ಲಿ ಪಿಜಿ_ಡಂಪ್ ಎಂದಿದ್ದರೆ ಅದು ಬ್ಯಾಕಪ್, ಮುಗಿಯಲು ಬಿಡಿ, ಆಲ್ಟರನ್ನು ವಾಪಸ್ ತೆಗೆದುಕೊಳ್ಳಿ.

ಕಾಯಂ ಮದ್ದು ಮೂರು ಸೆಟಿಂಗ್. ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್‌ನಲ್ಲಿ ಟಿಸಿಪಿ_ಕೀಪ್‌ಅಲೈವ್ಸ್_ಐಡಲ್ 60, ಟಿಸಿಪಿ_ಕೀಪ್‌ಅಲೈವ್ಸ್_ಇಂಟರ್ವಲ್ 10, ಟಿಸಿಪಿ_ಕೀಪ್‌ಅಲೈವ್ಸ್_ಕೌಂಟ್ 6. ಈಗ ಲೈನ್ ಹೋದ ಎರಡು ನಿಮಿಷದಲ್ಲಿ ಸರ್ವರ್‌ಗೆ ಗೊತ್ತಾಗುತ್ತದೆ. ಎರಡನೆಯದು ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮೌಟ್ 10 ನಿಮಿಷ. ಲೈನ್ ಚೆನ್ನಾಗಿದ್ದೂ ಕಮಿಟ್ ಮರೆತು ಊಟಕ್ಕೆ ಹೋದವರಿಗೆ ಇದು. ಇಡೀ ಸರ್ವರ್‌ಗೆ ಹಾಕಲು ಹಿಂಜರಿದರೆ, ಮನುಷ್ಯರು ಬಳಸುವ ರೋಲ್‌ಗಳಿಗೆ ಮಾತ್ರ ಆಲ್ಟರ್ ರೋಲ್‌ನಿಂದ ಹಾಕಿ. ಪಿಜಿ_ಡಂಪ್ ತನ್ನ ಸೆಷನ್‌ನಲ್ಲಿ ಈ ಮಿತಿಯನ್ನು ತಾನೇ ಸೊನ್ನೆ ಮಾಡಿಕೊಳ್ಳುತ್ತದೆ, ಬ್ಯಾಕಪ್ ಬಗ್ಗೆ ಚಿಂತೆ ಬೇಡ. ಮೂರನೆಯದು ಆಲ್ಟರ್ ಕೊಡುವವರ ಶಿಸ್ತು: ಮೊದಲು ಸೆಟ್ ಲಾಕ್_ಟೈಮೌಟ್ 3 ಸೆಕೆಂಡ್, ಆಮೇಲೆ ಆಲ್ಟರ್. ಸಿಗದಿದ್ದರೆ ಅದೇ ಬಿದ್ದುಹೋಗುತ್ತದೆ, ಹಿಂದಿನವರು ಕಾಯುವುದಿಲ್ಲ. ಡಿಬೀವರ್ ಬಳಸುವವರು ಮ್ಯಾನ್ಯುಯಲ್ ಕಮಿಟ್‌ನಲ್ಲಿ ಇದ್ದೀರಾ ನೋಡಿ. ಆ ಮೋಡ್‌ನಲ್ಲಿ ಒಂದು ಟೇಬಲ್ ತೆರೆದು ನೋಡಿದರೂ ಟ್ರಾನ್ಸಾಕ್ಷನ್ ಶುರುವಾಗಿ ಹಾಗೇ ಉಳಿಯುತ್ತದೆ.

ಮೈಎಸ್‌ಕ್ಯೂಎಲ್‌ನಲ್ಲೂ ಇದೇ ನಾಟಕ, ಪಾತ್ರದ ಹೆಸರು ಮೆಟಾಡೇಟಾ ಲಾಕ್. ಶೋ ಪ್ರೊಸೆಸ್‌ಲಿಸ್ಟ್‌ನಲ್ಲಿ ‘ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್’ ಕಾಣುತ್ತದೆ. ತಡೆದವನು ಮಾತ್ರ ‘ಸ್ಲೀಪ್’ ಎಂದು ಮುಗ್ಧನ ಹಾಗೆ ಕೂತಿರುತ್ತಾನೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಮೊದಲು ಹೇಳಿದ ‘ರೀಡಿಂಗ್ ಟೇಬಲ್ ಇನ್ಫರ್ಮೇಷನ್’ ನಿಮಿಷಗಟ್ಟಲೆ ಅಲುಗಾಡದೆ ನಿಂತರೆ ದಾರಿ ಬಿಟ್ಟು ಇದನ್ನು ಅನುಮಾನಿಸಿ, ಯಾಕೆಂದರೆ ಕಾಲಂ ಪಟ್ಟಿ ಕೊಡಲು ಸರ್ವರ್ ಟೇಬಲ್ ತೆರೆಯಬೇಕು. ಒಳಗೆ ಹೋಗಲು ‘-ಎ’ ಬೇಕೇ ಬೇಕು. ಸಿಸ್ ಸ್ಕೀಮಾದ ಸ್ಕೀಮಾ_ಟೇಬಲ್_ಲಾಕ್_ವೇಟ್ಸ್ ನೋಡಿದರೆ ಯಾರು ತಡೆದಿದ್ದಾರೆ ಎಂಬುದಷ್ಟೇ ಅಲ್ಲದೆ ಕೊಡಬೇಕಾದ ಕಿಲ್ ಕಮಾಂಡ್ ಕೂಡ ಒಂದು ಕಾಲಂನಲ್ಲಿ ಸಿದ್ಧವಾಗಿ ಸಿಗುತ್ತದೆ. 8.0ರಲ್ಲಿ ಇದು ಹಾಗೇ ಕೆಲಸ ಮಾಡುತ್ತದೆ. 5.7ರಲ್ಲಿ ಪರ್ಫಾರ್ಮೆನ್ಸ್ ಸ್ಕೀಮಾದ ಮೆಟಾಡೇಟಾ ಲಾಕ್ ಇನ್‌ಸ್ಟ್ರುಮೆಂಟನ್ನು ಮೊದಲು ಆನ್ ಮಾಡಿರಬೇಕು. ಲಾಕ್_ವೇಟ್_ಟೈಮೌಟ್‌ನ ಡೀಫಾಲ್ಟ್ 31536000 ಸೆಕೆಂಡ್, ಅಂದರೆ ಸರಿಯಾಗಿ ಒಂದು ವರ್ಷ. ಆಲ್ಟರ್‌ಗೆ ಮೊದಲು ಸೆಷನ್‌ನಲ್ಲಿ ಇದನ್ನು 5ಕ್ಕೆ ಇಳಿಸಿ. ವೇಟ್_ಟೈಮೌಟ್ 28800, ಎಂಟು ಗಂಟೆ. ಮನುಷ್ಯರು ಕನೆಕ್ಟ್ ಆಗುವ ಸರ್ವರ್‌ಗೆ ಅದು ವಿಪರೀತ ಉದ್ದ ಎಂಬುದು ನನ್ನ ಅಭಿಪ್ರಾಯ.

ಬೇರೆ ಡೇಟಾಬೇಸ್‌ನವರಿಗೆ

ಮೈಎಸ್‌ಕ್ಯೂಎಲ್ 5.7ರವರೆಗೆ ಮತ್ತು ಮಾರಿಯಾಡಿಬಿಯಲ್ಲಿ ಟೇಬಲ್‌ನ ವಿವರ .ಎಫ್‌ಆರ್‌ಎಂ ಫೈಲ್‌ಗಳಲ್ಲಿರುತ್ತದೆ. ಸ್ಕೀಮಾ ಹೆಸರು ಕೊಡದೆ ಇನ್ಫರ್ಮೇಷನ್_ಸ್ಕೀಮಾ ಕೇಳಿದರೆ ಎಲ್ಲ ಡೈರೆಕ್ಟರಿಯ ಎಲ್ಲ ಫೈಲ್ ತೆರೆಯಬೇಕಾಗಬಹುದು. ವೇರ್‌ನಲ್ಲಿ ಟೇಬಲ್_ಸ್ಕೀಮಾ ತಪ್ಪದೆ ಕೊಡಿ. ಇನ್ನೂ 5.5 ಓಡಿಸುತ್ತಿರುವ ಹಳೆಯ ಯಂತ್ರವಿದ್ದರೆ ಇನ್ನೋಡಿಬಿ_ಸ್ಟಾಟ್ಸ್_ಆನ್_ಮೆಟಾಡೇಟಾ ಆಫ್ ಮಾಡಿ. ಆನ್ ಇದ್ದರೆ ಶೋ ಟೇಬಲ್ ಸ್ಟೇಟಸ್ ಕೊಟ್ಟಾಗಲೆಲ್ಲ ಅಂಕಿ ಅಂಶ ಹೊಸದಾಗಿ ಲೆಕ್ಕ ಹಾಕುತ್ತದೆ. 5.6.6ರಿಂದ ಅದು ತಾನೇ ಆಫ್.

ಒರಾಕಲ್‌ನಲ್ಲಿ ಆಲ್_ಟ್ಯಾಬ್_ಕಾಲಮ್ಸ್, ಆಲ್_ಕನ್‌ಸ್ಟ್ರೈಂಟ್ಸ್ ತೆವಳುತ್ತಿದ್ದರೆ ಡಿಬಿಎಂಎಸ್_ಸ್ಟಾಟ್ಸ್‌ನ ಗ್ಯಾದರ್_ಡಿಕ್ಷನರಿ_ಸ್ಟಾಟ್ಸ್ ಮತ್ತು ಗ್ಯಾದರ್_ಫಿಕ್ಸ್ಡ್_ಆಬ್ಜೆಕ್ಟ್ಸ್_ಸ್ಟಾಟ್ಸ್ ಓಡಿಸಿ. ರಿಸೈಕಲ್ ಬಿನ್‌ನಲ್ಲಿ ಸಾವಿರಾರು ಡ್ರಾಪ್ ಆದ ಟೇಬಲ್ ತುಂಬಿವೆಯೇ ಎಂದೂ ನೋಡಿ.

ಅಂಗಡಿ ಮಟ್ಟದಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಬಳಸುವವರು ಬಹಳ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಡೇಟಾಬೇಸಸ್ ಬಿಚ್ಚಲು ತಡವಾದರೆ ಆಟೋ_ಕ್ಲೋಸ್ ನೋಡಿ. ಎಕ್ಸ್‌ಪ್ರೆಸ್‌ನಲ್ಲಿ ಹುಟ್ಟಿದ ಡೇಟಾಬೇಸ್‌ಗಳಿಗೆ ಅದು ಆನ್ ಇರುತ್ತದೆ, ಕೊನೆಯ ಬಳಕೆದಾರ ಹೊರಟ ಮೇಲೆ ಡೇಟಾಬೇಸ್ ಮುಚ್ಚಿಕೊಳ್ಳುತ್ತದೆ, ಮರ ಬಿಚ್ಚಿದಾಗ ಒಂದೊಂದನ್ನೂ ಮತ್ತೆ ತೆರೆಯಬೇಕು. ಆಲ್ಟರ್ ಡೇಟಾಬೇಸ್‌ನಿಂದ ಆಫ್ ಮಾಡಿ. ಟೇಬಲ್ಸ್ ಬಿಚ್ಚಿದಾಗ 1222 ಎಂಬ ಎರರ್ ಬಂದರೆ ಮತ್ತದೇ ಲಾಕ್: ಯಾರೋ ಕ್ರಿಯೇಟ್ ಅಥವಾ ಆಲ್ಟರ್ ಕೊಟ್ಟು ಕಮಿಟ್ ಮಾಡಿಲ್ಲ.

ಕ್ಯಾಟಲಾಗ್ ಊದಿದ್ದರೆ

ಮತ್ತೆ ಪೋಸ್ಟ್‌ಗ್ರೆಸ್‌ಗೆ. ಇಲ್ಲಿ ಟೇಬಲ್‌ಗಳ ವಿವರವೂ ಟೇಬಲ್‌ಗಳಲ್ಲೇ ಇರುತ್ತದೆ: ಪಿಜಿ_ಕ್ಲಾಸ್‌ನಲ್ಲಿ ಟೇಬಲ್ ಮತ್ತು ಇಂಡೆಕ್ಸ್‌ಗೊಂದು ಸಾಲು, ಪಿಜಿ_ಆಟ್ರಿಬ್ಯೂಟ್‌ನಲ್ಲಿ ಕಾಲಂಗೊಂದು ಸಾಲು. ಉಳಿದ ಟೇಬಲ್‌ಗಳಿಗೆ ಬರುವ ರೋಗವೆಲ್ಲ ಇವಕ್ಕೂ ಬರುತ್ತದೆ. ಪಿಜಿ_ಕ್ಯಾಟಲಾಗ್ ಸ್ಕೀಮಾದ ಟೇಬಲ್‌ಗಳನ್ನು ಪಿಜಿ_ಟೋಟಲ್_ರಿಲೇಷನ್_ಸೈಜ್ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೊದಲ ಹತ್ತು ನೋಡಿ. ಹೊಸ ಡೇಟಾಬೇಸ್‌ನಲ್ಲಿ ಪಿಜಿ_ಆಟ್ರಿಬ್ಯೂಟ್ ಇಂಡೆಕ್ಸ್ ಸೇರಿ ಒಂದು ಎಂಬಿಯೊಳಗೆ ಇರುತ್ತದೆ. ನಿಮ್ಮದರಲ್ಲಿ ನೂರಾರು ಎಂಬಿ ಇದ್ದು, ಟೇಬಲ್‌ಗಳು ಕೆಲವೇ ನೂರು ಇದ್ದರೆ ಒಳಗೆ ಇರುವುದು ಹೆಚ್ಚಾಗಿ ಸತ್ತ ಸಾಲು (ಅಳಿಸಿದ್ದರೂ ಫೈಲ್‌ನಲ್ಲಿ ಉಳಿದದ್ದು) ಮತ್ತು ಖಾಲಿ ಜಾಗ. ಪಿಜಿ_ಸ್ಟಾಟ್_ಸಿಸ್_ಟೇಬಲ್ಸ್‌ನ ಎನ್_ಡೆಡ್_ಟಪ್ ಮತ್ತು ಲಾಸ್ಟ್_ಆಟೋವ್ಯಾಕ್ಯೂಮ್ ಅದನ್ನು ಹೇಳುತ್ತವೆ.

ಮುಖ್ಯ ಅಪರಾಧಿ ಟೆಂಪ್ ಟೇಬಲ್, ಅಂದರೆ ಒಂದು ಸೆಷನ್‌ಗೆ ಮಾತ್ರ ಇರುವ ತಾತ್ಕಾಲಿಕ ಟೇಬಲ್. ದಿನದ ವರದಿಗೆಂದು ಪ್ರತಿ ಸಲ 30 ಕಾಲಂನ ಟೆಂಪ್ ಟೇಬಲ್ ಕಟ್ಟಿ ಕೆಡವುವ ಸಾಫ್ಟ್‌ವೇರ್ ಇದೆ ಎನ್ನಿ. ನಮ್ಮ 30 ಕಾಲಂ ಜೊತೆಗೆ ಸಿಟಿಐಡಿ, ಎಕ್ಸ್‌ಮಿನ್ ಮುಂತಾದ 6 ಸಿಸ್ಟಮ್ ಕಾಲಂಗಳಿಗೂ ಪಿಜಿ_ಆಟ್ರಿಬ್ಯೂಟ್‌ನಲ್ಲಿ ಸಾಲು ಬೇಕು, ಒಟ್ಟು 36. ದಿನಕ್ಕೆ 2000 ವರದಿ ತೆಗೆದರೆ 72,000 ಸತ್ತ ಸಾಲು ಆ ಒಂದು ಟೇಬಲ್‌ನಲ್ಲಿ. ಆಟೋವ್ಯಾಕ್ಯೂಮ್ ಇದನ್ನು ಗುಡಿಸುತ್ತಲೇ ಇರುತ್ತದೆ. ಆದರೆ ಹಳೆಯ ಟ್ರಾನ್ಸಾಕ್ಷನ್ ಒಂದು ಹಿಡಿದು ಕೂತಿದ್ದರೆ ಅದಾದ ಮೇಲೆ ಸತ್ತದ್ದನ್ನು ಗುಡಿಸಲಾರದು. ಮಳೆಯಲ್ಲಿ ಕಡಿದುಹೋದ ಸೆಷನ್ ಇಲ್ಲೂ ಅಡ್ಡ ಬರಬಹುದು. ಪಿಜಿ_ಸ್ಟಾಟ್_ಆಕ್ಟಿವಿಟಿಯ ಬ್ಯಾಕೆಂಡ್_ಎಕ್ಸ್‌ಮಿನ್, ಪಿಜಿ_ಪ್ರಿಪೇರ್ಡ್_ಎಕ್ಸ್‌ಆ್ಯಕ್ಟ್ಸ್, ಪಿಜಿ_ರೆಪ್ಲಿಕೇಷನ್_ಸ್ಲಾಟ್ಸ್ ಮೂರನ್ನೂ ನೋಡಿ. ಬೇರೆ ಕಡೆಗೆ ಬದಲಾವಣೆ ಕಳಿಸಲೆಂದು ಮಾಡಿ, ಯಾರೂ ಬಳಸದೆ ಬಿಟ್ಟ ಲಾಜಿಕಲ್ ಸ್ಲಾಟ್ ವಿಶೇಷವಾಗಿ ಮೋಸ ಮಾಡುತ್ತದೆ. ಅದು ಹಿಡಿದಿಡುವುದು ಕ್ಯಾಟಲಾಗ್_ಎಕ್ಸ್‌ಮಿನ್, ಅಂದರೆ ಕ್ಯಾಟಲಾಗ್‌ನ ಸಾಲು ಗುಡಿಸುವ ಗಡಿ, ಹಾಗಾಗಿ ನಮ್ಮ ಟೇಬಲ್‌ಗಳೆಲ್ಲ ಚೊಕ್ಕಟವಾಗಿದ್ದು ಕ್ಯಾಟಲಾಗ್ ಮಾತ್ರ ಊದುತ್ತದೆ.

ಹಿಡಿದವರನ್ನು ಬಿಡಿಸಿದ ಮೇಲೆ ವ್ಯಾಕ್ಯೂಮ್ ವರ್ಬೋಸ್ ಅನಲೈಸ್ ಅನ್ನು ಪಿಜಿ_ಆಟ್ರಿಬ್ಯೂಟ್, ಪಿಜಿ_ಕ್ಲಾಸ್, ಪಿಜಿ_ಟೈಪ್, ಪಿಜಿ_ಡಿಪೆಂಡ್ ಮೇಲೆ ಓಡಿಸಿ. ಇದು ಹಗಲಲ್ಲೂ ಸರಿ. ಇದರಿಂದ ಸತ್ತ ಸಾಲಿನ ಜಾಗ ಮರುಬಳಕೆಗೆ ಸಿಗುತ್ತದೆ, ಫೈಲ್ ಸಾಮಾನ್ಯವಾಗಿ ಚಿಕ್ಕದಾಗುವುದಿಲ್ಲ. ಚಿಕ್ಕದಾಗಬೇಕಿದ್ದರೆ ವ್ಯಾಕ್ಯೂಮ್ ಫುಲ್. ಪಿಜಿ_ಆಟ್ರಿಬ್ಯೂಟ್ ಮೇಲೆ ಅದು ನಡೆಯುತ್ತಿರುವಷ್ಟು ಹೊತ್ತು ಹೊಸ ಕನೆಕ್ಷನ್ ಕೂಡ ನಿಲ್ಲಬಹುದು. ಅಪ್ಲಿಕೇಷನ್ ಎಲ್ಲ ನಿಲ್ಲಿಸಿ, ಬ್ಯಾಕಪ್ ತೆಗೆದು, ರಾತ್ರಿ ಮಾತ್ರ. ಕರೆಂಟ್ ಮತ್ತು ಯುಪಿಎಸ್ ಖಾತ್ರಿ ಇರುವ ರಾತ್ರಿ. ಇಂಡೆಕ್ಸ್ ಮಾತ್ರ ಊದಿದ್ದರೆ ರೀಇಂಡೆಕ್ಸ್ ಸಾಕು, ಆದರೆ ಸಿಸ್ಟಮ್ ಕ್ಯಾಟಲಾಗ್‌ಗೆ ಕನ್‌ಕರೆಂಟ್ಲಿ ನಡೆಯುವುದಿಲ್ಲ.

ಸತ್ತ ಸಾಲಿಲ್ಲದೆ ಜೀವಂತ ಸಾಲೇ ವಿಪರೀತ ಇರುವುದೂ ಉಂಟು, ದಿನಕ್ಕೊಂದು ಪಾರ್ಟಿಷನ್ (ದೊಡ್ಡ ಟೇಬಲ್‌ನ ತುಂಡು) ಮಾಡಿದಾಗ. ಆವಕ ಟೇಬಲ್‌ಗೆ ಹತ್ತು ವರ್ಷಕ್ಕೆ 3650 ಪಾರ್ಟಿಷನ್. ಒಂದೊಂದಕ್ಕೆ 3 ಇಂಡೆಕ್ಸ್, ಉದ್ದದ ಮೌಲ್ಯಗಳನ್ನು ಇಡುವ ಟೋಸ್ಟ್ ಟೇಬಲ್, ಅದರ ಇಂಡೆಕ್ಸ್ ಸೇರಿ ಪಿಜಿ_ಕ್ಲಾಸ್‌ನಲ್ಲಿ 6 ಸಾಲು, ಒಟ್ಟು 21,900. ತಿಂಗಳಿಗೊಂದು ಮಾಡಿದ್ದರೆ 720. ಮಂಡಿಯ ಲೆಕ್ಕಕ್ಕೆ ತಿಂಗಳು ಧಾರಾಳ ಸಾಕು. ಈಗಾಗಲೇ ದಿನದ ಪಾರ್ಟಿಷನ್ ಇರುವವರು ಪಿಎಸ್‌ಕ್ಯೂಎಲ್ 12ರ ಮೇಲಿದ್ದರೆ \ಡಿಟಿ ಬದಲು ದೊಡ್ಡಕ್ಷರದ ಪಿ ಇರುವ \ಡಿಪಿ ಬಳಸಿ, ಅದು ತಂದೆ ಟೇಬಲ್‌ಗಳನ್ನೂ ಅವುಗಳ ಇಂಡೆಕ್ಸ್‌ಗಳನ್ನೂ ಮಾತ್ರ ತೋರಿಸುತ್ತದೆ. ಇಷ್ಟು ದೊಡ್ಡ ಕ್ಯಾಟಲಾಗ್‌ನಲ್ಲಿ ಇನ್ಫರ್ಮೇಷನ್_ಸ್ಕೀಮಾದ ವ್ಯೂಗಳು ಇನ್ನಷ್ಟು ಭಾರ. ಅವು ಹತ್ತಾರು ಜಾಯಿನ್ ಮಾಡಿ, ಸಾಲು ಸಾಲಿಗೂ ಅನುಮತಿ ಪರೀಕ್ಷಿಸುತ್ತವೆ. ನಿಮ್ಮದೇ ಸ್ಕ್ರಿಪ್ಟ್ ಆಗಿದ್ದರೆ ನೇರ ಪಿಜಿ_ಕ್ಲಾಸ್, ಪಿಜಿ_ಆಟ್ರಿಬ್ಯೂಟ್ ಕೇಳಿ.

ಟೆಂಪ್ ಟೇಬಲ್ ಬೇಕೇ ಬೇಕು ಎನ್ನುವ ವರದಿಗೆ, ಕನೆಕ್ಷನ್ ತೆರೆದಾಗ ಒಮ್ಮೆ ಮಾತ್ರ ‘ಆನ್ ಕಮಿಟ್ ಡಿಲೀಟ್ ರೋಸ್’ ಹಾಕಿ ಕಟ್ಟಿ, ಅದನ್ನೇ ಮತ್ತೆ ಮತ್ತೆ ಬಳಸುವ ಹಾಗೆ ಕೋಡ್ ತಿದ್ದಿಸಿ. ಪ್ರತಿ ಕಮಿಟ್‌ಗೂ ಒಳಗಿನ ಡೇಟಾ ಖಾಲಿಯಾಗುತ್ತದೆ, ಕ್ಯಾಟಲಾಗ್‌ನ ಸಾಲು ಹಾಗೇ ಇರುತ್ತದೆ. ಯಾವ ಪ್ರೋಗ್ರಾಂ ಕಟ್ಟುತ್ತಿದೆ ಎಂದೇ ಗೊತ್ತಿಲ್ಲದಿದ್ದರೆ ಲಾಗ್_ಸ್ಟೇಟ್‌ಮೆಂಟ್ ಅನ್ನು ಒಂದು ದಿನದ ಮಟ್ಟಿಗೆ ಡಿಡಿಎಲ್ ಎಂದು ಮಾಡಿ, ಲಾಗ್_ಲೈನ್_ಪ್ರಿಫಿಕ್ಸ್‌ನಲ್ಲಿ ಅಪ್ಲಿಕೇಷನ್ ಹೆಸರು ಬರುವ %ಎ ಸೇರಿಸಿ, ರೀಲೋಡ್ ಕೊಡಿ. ಸೆಲೆಕ್ಟ್ ಇನ್‌ಟು ಟೆಂಪ್ ಕೂಡ ಡಿಡಿಎಲ್ ಲೆಕ್ಕಕ್ಕೇ ಬರುತ್ತದೆ. ಸಂಜೆ ಲಾಗ್‌ನಲ್ಲಿ ಕ್ರಿಯೇಟ್ ಟೆಂಪ್ ಸಾಲುಗಳನ್ನು ಅಪ್ಲಿಕೇಷನ್ ಹೆಸರಿನ ಪ್ರಕಾರ ಎಣಿಸಿ. ವಾರ ಬಿಟ್ಟು ಪಿಜಿ_ಆಟ್ರಿಬ್ಯೂಟ್‌ನ ಗಾತ್ರ ಇನ್ನೊಮ್ಮೆ ಬರೆದುಕೊಳ್ಳಿ. ಅದು ಇನ್ನೂ ಏರುತ್ತಿದ್ದರೆ ಆ ಪಟ್ಟಿಯಲ್ಲಿ ಎರಡನೆಯ ಹೆಸರು ಯಾವುದಿತ್ತೋ ಅದರ ಕೋಡ್ ತೆರೆಯಿರಿ.